ಕೂಡ್ಲಿಯಾಚೆಯ ನೆರೆಯವನು

ಶಿವಮೊಗ್ಗೆಯ ಮಗ್ಗುಲಲ್ಲಿ ಹರಿಯುವ ತುಂಗೆಯೂ ಭದ್ರಾವತಿಯನ್ನು ಹಾಯ್ದು ಬರುವ ಭದ್ರೆಯೂ ಕೂಡ್ಲಿಯಲ್ಲಿ ಸಂಗಮಿಸಿ ತುಂಗಭದ್ರೆಯಾಗುತ್ತವೆ. ಎರಡೂ ನಗರಗಳ ಬಚ್ಚಲು, ಶೌಚಾಲಯಗಳ ನೀರಿನ ಒಂದು ಪಾಲು ಈ ನದಿಗಳನ್ನೇ ಸೇರುತ್ತದೆ. ಕೆಳಗಿನ ಹೊನ್ನಾಳಿ, ಹರಿಹರಗಳ ಜನರಿಗೆ ಅದೇ ನದಿ ಆಸರೆ. ಬಳಸಿದ ನೀರನ್ನು ಮರಳಿ ಬಳಸುವುದೆಂದರೆ ಮೂಗು ಮುರಿಯುವ ನಾವು, ನದೀತೀರದ ಊರುಗಳು ಅರಿಯದೆಯೇ ಅದನ್ನು ಮಾಡುತ್ತಿರುವುದನ್ನು ಮರೆತಿದ್ದೇವೆ.

ಇದರ ಅಪಾಯವನ್ನು ದೆಹಲಿ 1955–56ರಲ್ಲಿ ಕಂಡಿತು. ಚರಂಡಿಯ ಕೊಳಚೆ ಯಮುನೆಯಲ್ಲಿ ಹಿಮ್ಮುಖವಾಗಿ ಸರಿದು, ವಜೀರಾಬಾದಿನಲ್ಲಿ ಕುಡಿಯುವ ನೀರೆತ್ತುವ ತಾಣವನ್ನು ತಲುಪಿತು. ಸಿಬ್ಬಂದಿ ಹೆಚ್ಚು ಕ್ಲೋರಿನ್ ಬೆರೆಸಿದರು. ವಿಷಮಶೀತಜ್ವರ ಹೆಚ್ಚಲಿಲ್ಲ, ಆದರೆ ಸುಮಾರು 29,000 ಮಂದಿಗೆ ಕಾಮಾಲೆ ತಗಲಿತು. ಬ್ಯಾಕ್ಟೀರಿಯಾಗಳು ಸತ್ತಿದ್ದವು, ವೈರಸ್ ಉಳಿದಿತ್ತು. ಅದು ಹೆಪಟೈಟಿಸ್ ‘ಇ’ ಎಂಬುದು ದಶಕಗಳ ಬಳಿಕ ತಿಳಿದುಬಂತು. ಗರ್ಭಿಣಿಯರಿಗೆ ಈ ರೋಗ ಪ್ರಾಣಾಂತಿಕವಾಗಬಲ್ಲದು.

ಹಾಗಾದರೆ ನೀರಿನ ಮರುಬಳಕೆಯೇ ತಪ್ಪೆ? ಅಲ್ಲ. ನಮೀಬಿಯಾದ ವಿಂಡ್‌ಹುಕ್ ನಗರವು 1968ರಿಂದಲೂ ಕೊಳಚೆನೀರನ್ನು ಹಲವು ಹಂತಗಳಲ್ಲಿ ಶುದ್ಧಗೊಳಿಸಿ ಕುಡಿಯಲು ಬಳಸುತ್ತಿದೆ. ನಮ್ಮಲ್ಲಿಯೂ ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಯುತ್ತಿದೆ; ಅಂತರ್ಜಲಕ್ಕೆ ಅದು ಆಸರೆಯಾದರೂ, ಇನ್ನೂ ಒಂದು ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಅಲ್ಲಿನ ಜನರದು. ಶತ್ರು ಮರುಬಳಕೆಯಲ್ಲ, ಅರೆಬರೆ ಶುದ್ಧಿ. ತಿಳಿಯಾಗಿ ಕಂಡ ನೀರೆಲ್ಲ ನಿರ್ಮಲವಲ್ಲ. ಬಟ್ಟೆಯಲ್ಲಿ ಸೋಸಿದರೆ ವೈರಸ್ ನಿಲ್ಲುವುದಿಲ್ಲ.

ಶುದ್ಧವಾದ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕೆಂದು ಜಗದ್ಗುರು ಫ್ರಾನ್ಸಿಸರು 2015ರಲ್ಲಿ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಸಾರಿದರು. ಬಡವರನ್ನು ಕಾಡುವ ಜಲಜನ್ಯ ರೋಗಗಳನ್ನೂ ಅಲ್ಲಿ ನೆನೆದರು. ದೀಕ್ಷಾಸ್ನಾನದ ನೀರಿನಿಂದ ಹೊಸ ಜನ್ಮ ಪಡೆದ ನಮಗೆ ಈ ಮಾತು ಪರಕೀಯವಾಗಬಾರದು.

ನಮ್ಮ ಕುಟುಂಬಗಳು ಮಾಡಬೇಕಾದುದು ದೊಡ್ಡದೇನಲ್ಲ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸೋಣ. ಶೌಚದ ನಂತರವೂ ಅಡುಗೆಗೆ ಮೊದಲೂ ಸಾಬೂನಿನಿಂದ ಕೈ ತೊಳೆಯೋಣ. ಮನೆಯ ಶೌಚಗುಂಡಿಯ ಹೊಲಸು ಹಳ್ಳಕ್ಕೋ ಮಳೆನೀರಿನ ಚರಂಡಿಗೋ ಸೇರದಂತೆ ನೋಡಿಕೊಳ್ಳೋಣ. ಗರ್ಭಿಣಿಯಲ್ಲಿ ಕಾಮಾಲೆಯ ಲಕ್ಷಣ ಕಂಡರೆ ನಾಟಿಮದ್ದಿಗಾಗಿ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯೋಣ. ಸಂಸ್ಕರಣಾ ಘಟಕಗಳ ನೀರಿನ ಪರೀಕ್ಷಾ ಫಲಿತಾಂಶವನ್ನು ಜನರಿಗೆ ತಿಳಿಸುವಂತೆ ನಗರಾಡಳಿತವನ್ನು ವಿನಯದಿಂದ, ಆದರೆ ಬಿಡದೆ ಕೇಳೋಣ.

“ನನ್ನ ನೆರೆಯವನು ಯಾರು?” ಎಂಬ ಪ್ರಶ್ನೆಗೆ ಪ್ರಭು ಯೇಸು ದಯಾಳು ಸಮಾರಿಯದವನ ಸಾಮತಿಯಿಂದ ಉತ್ತರಿಸಿದರು. ನಮ್ಮ ಬಚ್ಚಲಿನ ನೀರು ಎಲ್ಲಿಯವರೆಗೆ ಹರಿಯುವುದೋ ಅಲ್ಲಿಯವರೆಗೂ ನಮ್ಮ ನೆರೆಯವರಿದ್ದಾರೆ. ಅವರ ಬಿಂದಿಗೆಯ ನೆನಪು ನಮ್ಮ ದಿನನಿತ್ಯದ ಪ್ರಾರ್ಥನೆಯಲ್ಲಿರಲಿ, ನಡತೆಯಲ್ಲಿಯೂ ಇರಲಿ.