ಡೀಸೆಲಿನ ಸಾರಜನಕಕ್ಕೆ ಇದ್ದಿಲಿನ ಮದ್ದು

ಕಬ್ಬು ನುರಿಸುವ ಹಂಗಾಮು ಬಂದಿತೆಂದರೆ, ರಾಯಬಾಗ, ಅಥಣಿ, ಕಾಗವಾಡಗಳ ಕೃಷ್ಣಾತೀರದ ಹೊಲಗಳಿಂದಲೂ, ವೇದಗಂಗಾ ದೂಧಗಂಗಾ ನದಿಗಳ ನೀರುಂಡ ಚಿಕ್ಕೋಡಿ, ನಿಪ್ಪಾಣಿಗಳ ಬಯಲಿನಿಂದಲೂ ಕಬ್ಬು ಹೇರಿಕೊಂಡು ಹೊರಡುವ ಟ್ರ್ಯಾಕ್ಟರುಗಳು ಉರಿಸುವ ಡೀಸೆಲಿನಲ್ಲಿ, 2020ರ ಏಪ್ರಿಲ್ 1ರಿಂದ, ಹತ್ತು ಲಕ್ಷ ಪಾಲಿಗೆ 10 ಪಾಲಿಗಿಂತ ಹೆಚ್ಚು ಗಂಧಕವಿರಕೂಡದು. ಅದಕ್ಕೆ ಹಿಂದಿನ ಮಿತಿಯಾದರೋ 50 ಆಗಿದ್ದಿತು. ಈ ಕಡೆಯ ಅಲ್ಪಾಂಶವನ್ನು ಕಳೆಯುವುದೇ ತೈಲಾಗಾರಗಳಿಗೆ ಕಷ್ಟತಮವಾದ ಕಾರ್ಯ. ಅದಕ್ಕೆ ಮುಖ್ಯ ವಿಘ್ನಗಳಲ್ಲೊಂದು ಸಾರಜನಕ.

ಮಂಗಳೂರಿನಂಥ ತೈಲಾಗಾರಗಳಲ್ಲಿ, ಕೋಬಾಲ್ಟ್, ಮಾಲಿಬ್ಡಿನಮ್ ಮೊದಲಾದ ಲೋಹಗಳ ಕ್ರಿಯಾವರ್ಧಕದ ಮೇಲೆ ಡೀಸೆಲನ್ನೂ ಜಲಜನಕವನ್ನೂ ಹೆಚ್ಚಿನ ಉಷ್ಣ, ಒತ್ತಡಗಳಲ್ಲಿ ಹಾಯಿಸಿದಾಗ ಗಂಧಕವು ಅನಿಲರೂಪದಿಂದ ಬೇರ್ಪಡುವುದು. ಆದರೆ ಕ್ವಿನೊಲಿನ್, ಇಂಡೋಲ್, ಕಾರ್ಬಜೋಲ್ ಎಂಬ ಸಾರಜನಕ ಸಂಯುಕ್ತಗಳು ಗಂಧಕಕ್ಕಿಂತ ಮೊದಲೇ ಬಂದು ಕ್ರಿಯಾವರ್ಧಕದ ಸಚೇತನ ಸ್ಥಾನಗಳನ್ನು ಆಕ್ರಮಿಸುವುದರಿಂದ, ಎರಡು ಬದಿಯಲ್ಲಿಯೂ ಮೀಥೈಲ್ ಗುಂಪುಗಳ ಮರೆಯಲ್ಲಿ ಅಡಗಿರುವ ಮೊಂಡು ಗಂಧಕಕ್ಕೆ ಸರದಿಯೇ ದೊರೆಯದು. ಗಾಡಿಯ ಹೊಗೆಯಲ್ಲಿನ ಸಾರಜನಕದ ಆಕ್ಸೈಡುಗಳಿಗೂ ಇವುಗಳೇ ಮೂಲವೆಂದು ಭಾವಿಸಬೇಕಾಗಿಲ್ಲ. ಅವು ಬಹುಮಟ್ಟಿಗೆ ಎಂಜಿನ್ನಿನ ಬೆಂಕಿಯಲ್ಲಿ ಗಾಳಿಯಿಂದಲೇ ಹುಟ್ಟುವಂಥವು. ಇರಲಿ, ಸಾರಜನಕವನ್ನು ಮುಂಚಿತವಾಗಿ ಕಳೆದರೆ ಮುಂದಿನ ಕೆಲಸ ಹಗುರವಾಗುವುದು.

ಆ ಸಾರಜನಕ ಸಂಯುಕ್ತಗಳನ್ನು ಹೀರಿ ತೆಗೆಯಲು ಇಲ್ಲಿ ಇದ್ದಿಲು ಪ್ರವೇಶಿಸುತ್ತದೆ. ಇದ್ದಿಲು ದ್ರಾವಣದ ಬಣ್ಣವನ್ನು ಹೀರುವುದೆಂದು 1785ರಲ್ಲಿ ಲೊವಿಟ್ಸ್ ಎಂಬ ರಸಾಯನಜ್ಞನು ಕಂಡುಕೊಂಡ ಬಳಿಕ, ಆ ಗುಣವನ್ನು ಮೊದಲು ಬಳಸಿಕೊಂಡವರಲ್ಲಿ ಸಕ್ಕರೆ ಶುದ್ಧಿ ಮಾಡುವವರೂ ಉಂಟು. 1939ರಲ್ಲಿ ಸ್ಥಾಪಿತವಾದ ಉಗಾರ ಸಕ್ಕರೆ ಕಾರ್ಖಾನೆಯೇ ಮೊದಲಾಗಿ ಈ ಸೀಮೆಯ ಕಾರ್ಖಾನೆಗಳು ಬಾಯ್ಲರಿಗೆ ಹಾಕುವ ಕಬ್ಬಿನ ಸಿಪ್ಪೆಯಿಂದಲೂ ಸಕ್ರಿಯ ಇದ್ದಿಲನ್ನು ಮಾಡಬಹುದು. ಅಂಥ ಇದ್ದಿಲಿನ ಒಂದೇ ಗ್ರಾಮಿನೊಳಗಿನ ಸೂಕ್ಷ್ಮರಂಧ್ರಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರು, ಎಂದರೆ ರೈತನ ಲೆಕ್ಕದಲ್ಲಿ 10 ಗುಂಟೆ ಹೊಲ!

ಆದರೆ ಸಾದಾ ಇದ್ದಿಲಿಗೆ ವಿವೇಚನೆಯಿಲ್ಲ. ಡೀಸೆಲಿನಲ್ಲಿ ಹೇರಳವಾಗಿರುವ ನಿರಪರಾಧಿ ಸುಗಂಧಿ ಉಂಗುರ ಸಂಯುಕ್ತಗಳಿಗೂ ಅದು ಎಡೆಗೊಡುವುದು. ಆದುದರಿಂದ ಅದನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ, ಮೇಲ್ಮೈಯಲ್ಲಿ ಕಾರ್ಬಾಕ್ಸಿಲಿಕ್‌ನಂಥ ಆಮ್ಲೀಯ ಗುಂಪುಗಳನ್ನು ನೆಲೆಗೊಳಿಸುವರು: ಪ್ರತ್ಯಾಮ್ಲವಾದ ಕ್ವಿನೊಲಿನ್ ಅವುಗಳಿಗೆ ಸಹಜವಾಗಿಯೇ ಒಲಿಯುತ್ತದೆ, ಇಂಡೋಲ್, ಕಾರ್ಬಜೋಲ್‌ಗಳು ಜಲಜನಕಬಂಧದಿಂದ ಅಂಟಿಕೊಳ್ಳುತ್ತವೆ. ಸಂಸ್ಕಾರ ಅತಿಯಾದರೆ ರಂಧ್ರಗಳ ಗೋಡೆಗಳೇ ಕುಸಿದು, ಗುಂಪುಗಳಿದ್ದರೂ ಸ್ಥಳವಿಲ್ಲದಂತಾಗುವುದು. ಈ ಹದವೇ, ನನ್ನ ದೃಷ್ಟಿಯಲ್ಲಿ, ಇಡೀ ವಿದ್ಯೆಯ ರಹಸ್ಯ.

ತುಂಬಿದ ಇದ್ದಿಲನ್ನು ಟೊಲೀನಿನಂಥ ದ್ರಾವಕದಿಂದ ತೊಳೆದು ಮತ್ತೆ ಬಳಸಬಹುದಾದರೂ, ಆಮ್ಲಗುಂಪುಗಳಿಗೆ ಬಿಗಿಯಾಗಿ ಅಂಟಿದ್ದುದು ಸುಲಭವಾಗಿ ಬಿಡದು; ಹಿಡಿತ ಬಲವಾದಷ್ಟೂ ಬಿಡಿಸುವ ವೆಚ್ಚವೂ ಬಲವಾಗುತ್ತದೆ. ಅದೇ ಸಿಪ್ಪೆಯಿಂದ ಕಾರ್ಖಾನೆಗಳು ವಿದ್ಯುತ್ತನ್ನು ತೆಗೆದು ಮಾರುತ್ತಿರುವಾಗ, ಇದ್ದಿಲು ಮೊದಲು ಆ ವಿದ್ಯುತ್ತಿನ ದರದೊಡನೆ ಸೆಣಸಬೇಕು.