ಚರ್ಮದ ತೇವ ಕಾಯುವ ಗ್ಲಿಸರಿನ್: ಗುಣವೂ ಖರೀದಿಯ ಎಚ್ಚರವೂ

ಚಳಿಗಾಲ ಸಮೀಪಿಸುತ್ತಿದ್ದಂತೆ ಕ್ರೀಮ್, ಲೋಷನ್ ಹಾಗೂ ತುಟಿಗೆ ಹಚ್ಚುವ ಬಾಮ್‌ಗಳಿಗೆ ಬೇಡಿಕೆ ಏರುತ್ತದೆ. ಇವುಗಳ ಲೇಬಲ್‌ನಲ್ಲಿ ಬಹುತೇಕ ತಪ್ಪದೆ ಕಾಣುವ ಹೆಸರು ಗ್ಲಿಸರಿನ್. ಬಣ್ಣವಿಲ್ಲದ, ಸಿಹಿಯಾದ, ಮಂದವಾದ ಈ ದ್ರವವು ತೇವಾಂಶವನ್ನು ಹಿಡಿದಿಡುವ ಪದಾರ್ಥಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿದೆ. ಇದೇ ಹೆಸರಿನ ಚೀಟಿ ಹೊತ್ತು ಬಂದ ಡ್ರಮ್‌ಗಳು ಪ್ರಾಣಹಾನಿಗೆ ಕಾರಣವಾದ ನಿದರ್ಶನಗಳೂ ಇವೆ. ಆದ್ದರಿಂದ ಸೌಂದರ್ಯವರ್ಧಕಗಳ ತಯಾರಿಕೆಯಲ್ಲಿ ತೊಡಗಿರುವ ಸಣ್ಣ ಉದ್ಯಮಿಗಳು ಇದರ ಗುಣವನ್ನೂ ಇದರ ವ್ಯಾಪಾರದ ಅಪಾಯವನ್ನೂ ಒಟ್ಟಿಗೆ ಅರಿತಿರುವುದು ಅಗತ್ಯ.

ತೇವ ಹಿಡಿಯುವ ಬಗೆ

ಚರ್ಮದ ಹೊರಪದರವು ಬಹು ತೆಳುವಾದುದು. ಅದರಲ್ಲಿನ ನೀರಿನ ಅಂಶ ಸುಮಾರು ಶೇ. 10ಕ್ಕಿಂತ ಕೆಳಗಿಳಿದಾಗ ಚರ್ಮ ಒರಟಾಗಿ ಬಿರಿಯತೊಡಗುತ್ತದೆ. ಇದನ್ನು ತಡೆಯಲು ಯೂರಿಯಾ, ಲ್ಯಾಕ್ಟಿಕ್ ಆಮ್ಲದ ಲವಣಗಳು, ಅಮೈನೋ ಆಮ್ಲಗಳು ಮುಂತಾದ ತೇವರಕ್ಷಕಗಳನ್ನು ಪ್ರಕೃತಿಯೇ ಚರ್ಮದಲ್ಲಿ ಇರಿಸಿದೆ. ಉದ್ಯಮವು ಇವುಗಳಿಗೆ ಪೂರಕವಾಗಿ ಗ್ಲಿಸರಿನ್, ಸಾರ್ಬಿಟಾಲ್, ಪ್ರೊಪಿಲೀನ್ ಗ್ಲೈಕಾಲ್, ಹೈಯಲುರಾನಿಕ್ ಆಮ್ಲ ಮೊದಲಾದವುಗಳನ್ನು ಬಳಸುತ್ತದೆ. ಗ್ಲಿಸರಿನ್‌ನ ಪ್ರತಿ ಅಣುವಿನಲ್ಲಿ ಮೂರು ಹೈಡ್ರಾಕ್ಸಿಲ್ ಗುಂಪುಗಳಿದ್ದು, ಅವು ನೀರಿನ ಅಣುಗಳನ್ನು ಸೆಳೆದು ಹಿಡಿಯುತ್ತವೆ.

ಆದರೆ ಸೆಳೆಯುವ ನೀರು ಎಲ್ಲಿಂದ ಬರಬೇಕು ಎಂಬುದು ಮುಖ್ಯ ಪ್ರಶ್ನೆ. ಮಂಗಳೂರಿನಂತಹ ಕರಾವಳಿಯಲ್ಲಿ ಗಾಳಿಯ ತೇವವೇ ಒದಗುತ್ತದೆ. ವಿಜಯಪುರ, ಕಲಬುರಗಿಗಳ ಒಣಹವೆಯಲ್ಲಿ ಚರ್ಮದ ಒಳಪದರಗಳಿಂದಲೇ ನೀರು ಮೇಲಕ್ಕೆ ಬಂದು ಆವಿಯಾಗಬಹುದು. ನೀರು ಬೆರೆಸದ ಗ್ಲಿಸರಿನ್ ಹಚ್ಚಿದವರಿಗೆ ಉರಿ ಅನುಭವವಾಗುವುದೂ ಉಂಟು. ಆದಕಾರಣ ಉತ್ತಮ ಕ್ರೀಮ್‌ನಲ್ಲಿ ತೇವ ಹಿಡಿಯುವ ಪದಾರ್ಥದೊಡನೆ ಅದನ್ನು ಹಾರಗೊಡದ ಪೆಟ್ರೋಲಿಯಂ ಜೆಲ್ಲಿ ಅಥವಾ ಮೇಣ, ಚರ್ಮವನ್ನು ನುಣುಪಾಗಿಸುವ ಎಣ್ಣೆ ಇವು ಜೊತೆಗೂಡಿರುತ್ತವೆ. ಗ್ಲಿಸರಿನ್ ಅತಿಯಾದರೆ ಅಂಟಂಟಾಗುತ್ತದೆ. ಹೆಚ್ಚು ಹಾಕಿದಷ್ಟೂ ಹೆಚ್ಚು ಗುಣ ಎಂಬ ಭಾವನೆ ಸರಿಯಲ್ಲ.

ಎಣ್ಣೆಯಿಂದ ಡ್ರಮ್‌ವರೆಗೆ

ಎಣ್ಣೆ ಹಾಗೂ ಕೊಬ್ಬುಗಳಿಂದ ಸಾಬೂನು ಅಥವಾ ಜೈವಿಕ ಡೀಸೆಲ್ ತಯಾರಿಸುವಾಗ ಗ್ಲಿಸರಿನ್ ಉಪೋತ್ಪನ್ನವಾಗಿ ದೊರೆಯುತ್ತದೆ. ಸ್ಥೂಲವಾಗಿ 100 ಕಿಲೋ ಎಣ್ಣೆಗೆ 10 ಕಿಲೋ ಗ್ಲಿಸರಿನ್ ಎನ್ನಬಹುದು. ಹೀಗೆ ದೊರೆತ ಕಚ್ಚಾ ದ್ರವದಲ್ಲಿ ಮೂಲಕ್ಕೆ ತಕ್ಕಂತೆ ಉಪ್ಪು, ಮೆಥನಾಲ್ ಮುಂತಾದ ಕಶ್ಮಲಗಳಿರುತ್ತವೆ. ಸಂಸ್ಕರಿಸಿದ ಮೇಲಷ್ಟೇ ಅದು ಚರ್ಮಕ್ಕೆ ಯೋಗ್ಯ. ಕಚ್ಚಾ ಗ್ಲಿಸರಿನ್ 1520ನೆಯ ಸುಂಕ ಶೀರ್ಷಿಕೆಯಲ್ಲೂ ಸಂಸ್ಕರಿತ ಗ್ಲಿಸರಿನ್ 2905ನೆಯ ಶೀರ್ಷಿಕೆಯಲ್ಲೂ ಬರುತ್ತವೆ. ಇನ್‌ವಾಯ್ಸ್‌ನಲ್ಲಿ ಈ ಸಂಖ್ಯೆಯನ್ನು ಗಮನಿಸುವುದು ಖರೀದಿದಾರನ ಮೊದಲ ತಪಾಸಣೆ.

ಕಲಬೆರಕೆಯ ಕಹಿ ಇತಿಹಾಸ

ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ದ್ರಾವಕವೂ ಬಣ್ಣವಿಲ್ಲದ, ಸಿಹಿಯಾದ, ಮಂದವಾದ ದ್ರವವೇ. ಗ್ಲಿಸರಿನ್‌ನ ಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ಆದರೆ ಅದು ಮೂತ್ರಪಿಂಡಗಳನ್ನು ಕೆಡಿಸುವ ವಿಷ. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಈ ವಿಷ ಬೆರೆತ ಗ್ಲಿಸರಿನ್ ಸೇವಿಸಿ 14 ರೋಗಿಗಳು ಮೃತಪಟ್ಟರು. ಹೊಟ್ಟೆಗೆ ಸೇರಿದರಷ್ಟೇ ಅಪಾಯ ಎನ್ನುವಂತೆಯೂ ಇಲ್ಲ. 1985ರಲ್ಲಿ ಸ್ಪೇನ್‌ನಲ್ಲಿ ಸುಟ್ಟಗಾಯಕ್ಕೆ ಹಚ್ಚಿದ ಮುಲಾಮಿನ ಮೂಲಕ ಇದೇ ವಿಷ ದೇಹ ಸೇರಿ ರೋಗಿಗಳು ಅಸುನೀಗಿದರು. 2007ರಲ್ಲಿ ಟೂತ್‌ಪೇಸ್ಟ್‌ಗಳಲ್ಲೂ ಇದು ಪತ್ತೆಯಾಗಿ ಹಲವು ದೇಶಗಳು ಮಾರಾಟವನ್ನು ತಡೆದವು.

ವ್ಯಾಪಾರಿಗಳಿಗೆ ಎಲ್ಲಕ್ಕಿಂತ ಮಿಗಿಲಾದ ಪಾಠ ಪನಾಮಾದ್ದು. ಚೀನಾದಿಂದ ಹೊರಟ ಡ್ರಮ್‌ಗಳು ಸ್ಪೇನ್‌ನ ಮಧ್ಯವರ್ತಿಯ ಕೈದಾಟಿ ಪನಾಮಾ ತಲುಪಿದವು. ಅವುಗಳೊಂದಿಗಿದ್ದ ಪತ್ರವು ಶೇ. 99.5 ಶುದ್ಧ ಗ್ಲಿಸರಿನ್ ಎಂದು ಸಾರುತ್ತಿತ್ತು. ನಡುವಿನ ಯಾರೂ ದ್ರವವನ್ನು ಪರೀಕ್ಷಿಸಲಿಲ್ಲ, ಪತ್ರ ಮಾತ್ರ ಕೈಯಿಂದ ಕೈಗೆ ಸಾಗಿತು. 2006ರಲ್ಲಿ ಅದರಿಂದ ತಯಾರಾದ ಕೆಮ್ಮಿನ ಔಷಧಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು.

ಖರೀದಿದಾರರು ಪಾಲಿಸಬೇಕಾದ ಕ್ರಮಗಳು

ಮೊದಲನೆಯದಾಗಿ, ಮೂಲ ತಯಾರಕರ ಹೆಸರು ಹಾಗೂ ಬ್ಯಾಚ್ ಸಂಖ್ಯೆಯುಳ್ಳ ವಿಶ್ಲೇಷಣಾ ಪ್ರಮಾಣಪತ್ರವನ್ನೇ ಕೇಳಿ ಪಡೆಯಬೇಕು. ಸೀಲ್ ಒಡೆದ ಅಥವಾ ಮರುಚೀಟಿ ಅಂಟಿಸಿದ ಡ್ರಮ್‌ಗಳನ್ನು ಸ್ವೀಕರಿಸಬಾರದು.

ಎರಡನೆಯದಾಗಿ, ಸಾಂದ್ರತೆಯನ್ನು ಅಳೆದು ನೋಡಬೇಕು. ಶುದ್ಧ ಗ್ಲಿಸರಿನ್‌ನ ಸಾಂದ್ರತೆ 20 ಡಿಗ್ರಿ ಉಷ್ಣತೆಯಲ್ಲಿ ಸುಮಾರು 1.26, ಡೈಎಥಿಲೀನ್ ಗ್ಲೈಕಾಲ್‌ನದು ಸುಮಾರು 1.12. ನೀರು ಬೆರೆತಿದ್ದರೂ ಅಂಕಿ ಇಳಿಯುತ್ತದೆ. ಆದರೆ ಅಲ್ಪ ಪ್ರಮಾಣದ ಕಲಬೆರಕೆ ಈ ಅಳತೆಗೆ ಸಿಕ್ಕದು.

ಆದ್ದರಿಂದ ಮೂರನೆಯದಾಗಿ, ಪ್ರತಿ ಡ್ರಮ್‌ನ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಫಿ ವಿಧಾನದಿಂದ ಪರೀಕ್ಷಿಸಬೇಕು. ಡೈಎಥಿಲೀನ್ ಗ್ಲೈಕಾಲ್ ಶೇ. 0.1ನ್ನು ಮೀರಬಾರದೆಂಬುದು ಔಷಧ ಕ್ಷೇತ್ರದಲ್ಲಿ ಅಂಗೀಕೃತ ಮಿತಿ. ಪ್ರೊಪಿಲೀನ್ ಗ್ಲೈಕಾಲ್ ಮತ್ತು ಸಾರ್ಬಿಟಾಲ್ ದ್ರಾವಣಕ್ಕೂ ಇದೇ ಎಚ್ಚರ ಸಲ್ಲುತ್ತದೆ.

ನಾಲ್ಕನೆಯದಾಗಿ, ಪ್ರತಿ ಬ್ಯಾಚ್‌ನ ಮಾದರಿಯನ್ನು ಕಾದಿರಿಸಬೇಕು. ಗ್ಲಿಸರಿನ್ ಗಾಳಿಯ ತೇವವನ್ನು ಹೀರುವುದರಿಂದ ಡ್ರಮ್‌ನ ಮುಚ್ಚಳ ಸದಾ ಬಿಗಿಯಾಗಿರಬೇಕು.

ಸೌಂದರ್ಯವರ್ಧಕಗಳ ತಯಾರಿಕೆಯು 2020ರ ಕಾಸ್ಮೆಟಿಕ್ಸ್ ನಿಯಮಗಳಿಗೆ ಒಳಪಟ್ಟಿದ್ದು, ಪರವಾನಗಿ ಕಡ್ಡಾಯವಾಗಿದೆ. ತಪ್ಪು ಕಚ್ಚಾವಸ್ತುವಿನದಾದರೂ ಬಳಕೆದಾರನ ಮುಂದೆ ಉತ್ತರ ಹೇಳಬೇಕಾದವನು ಲೇಬಲ್‌ನಲ್ಲಿ ಹೆಸರಿರುವ ತಯಾರಕನೇ. ಕಿಲೋಗೆ ಕೆಲವು ರೂಪಾಯಿ ಅಗ್ಗವೆಂದು ಗುರುತು ಪರಿಚಯವಿಲ್ಲದ ಡ್ರಮ್ ಕೊಳ್ಳುವ ಮುನ್ನ, ಪರೀಕ್ಷೆಯ ಶುಲ್ಕವನ್ನೂ ಉತ್ಪಾದನಾ ವೆಚ್ಚದ ಒಂದು ಭಾಗವೆಂದೇ ಪರಿಗಣಿಸುವುದು ಉದ್ಯಮಕ್ಕೂ ಗ್ರಾಹಕನಿಗೂ ಕ್ಷೇಮಕರ.