ಮಾಳಿಗೆಯ ಮೇಲಣ ಯಶವಂತಪುರ

ಮಲ್ಲೇಶ್ವರದಲ್ಲಿ ಬೆಳೆದವರಿಗೆ ರೈಲಿನ ಕೂಗು ದೇವಸ್ಥಾನದ ಗಂಟೆಯಷ್ಟೇ ಪರಿಚಿತವಾದುದು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೀಟರ್‌ಗೇಜ್ ಹಾದಿ ತೆರೆದಾಗ ಈ ಬಡಾವಣೆ ಇನ್ನೂ ಹುಟ್ಟಿರಲಿಲ್ಲ. ಬಡಾವಣೆಯೇ ಬಂದು ಕಂಬಿಯ ಪಕ್ಕದಲ್ಲಿ ನೆಲೆಸಿತಲ್ಲದೆ ಕಂಬಿ ಬಡಾವಣೆಯನ್ನು ಹುಡುಕಿಕೊಂಡು ಬರಲಿಲ್ಲ. ಆ ಕೂಗನ್ನು ಕೇಳುತ್ತ ಬೆಳೆದ ನನಗೆ, ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವ ವಯಸ್ಸು ಬಂದ ಮೇಲೆಯೂ, ರೈಲಿನ ಹುಚ್ಚು ಬಿಡಲಿಲ್ಲ. ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ, ಗೋಡೆಯ ಸುತ್ತ ಹಲಗೆ ಜೋಡಿಸಿ, ಒಂದು ಕಿರುರೈಲುದಾರಿಯನ್ನು ಕಟ್ಟಿಕೊಂಡಿದ್ದೇನೆ. ಅದರ ಪ್ರಮಾಣ 87ರಲ್ಲಿ ಒಂದು ಪಾಲು. ಮೀಟರ್ ಅಗಲದ ಹಾದಿ ಈ ಪ್ರಮಾಣದಲ್ಲಿ ಹನ್ನೊಂದೂವರೆ ಮಿಲಿಮೀಟರಾಗುತ್ತದೆ. ಹವ್ಯಾಸಿಗಳು ಅದನ್ನು 12 ಎಂದು ಇಟ್ಟುಕೊಂಡಿದ್ದಾರೆ.

ನಾನು ಹುಟ್ಟುವ ಮೊದಲಿನ ಕಾಲವನ್ನು, ಎಂದರೆ ವೈಪಿ ಮತ್ತು ವೈಜಿ ಎಂಬ ಉಗಿ ಎಂಜಿನುಗಳು ಈ ಹಾದಿಯಲ್ಲಿ ಹೊಗೆಯುಗುಳುತ್ತ ಓಡುತ್ತಿದ್ದ ಕಾಲವನ್ನು, ಅಲ್ಲಿ ತೋರಿಸಬೇಕೆಂಬುದು ನನ್ನ ಆಸೆ. ಯಶವಂತಪುರ, ಚಿಕ್ಕಬಾಣಾವರ, ಸೋಲದೇವನಹಳ್ಳಿ ಎಂಬ ಮೂರು ನಿಲ್ದಾಣಗಳಿವೆ. ಬೆಂಗಳೂರು ಒಂದು ಮೂಲೆಯ ಕಪಾಟಿನ ಹಿಂದೆ, ತುಮಕೂರು ಇನ್ನೊಂದು ಮೂಲೆಯಲ್ಲಿ, ಎರಡೂ ನೋಟಕ್ಕೆ ಮರೆ. ಸ್ಥಳಾಭಾವದಿಂದ ಮಲ್ಲೇಶ್ವರವನ್ನೇ ಕೈಬಿಡಬೇಕಾಯಿತು. ನಾನಿರುವ ಊರು ನನ್ನ ರೈಲುದಾರಿಯಲ್ಲಿಲ್ಲವೆಂದು ಮನೆಯವರು ಈಗಲೂ ಹಾಸ್ಯಮಾಡುವುದುಂಟು.

ಇದೆಲ್ಲ ಸಿದ್ಧವಾದ ಮೇಲೆ ನೆರೆಮನೆಯ ಹಿರಿಯರೊಬ್ಬರನ್ನು, ನಿವೃತ್ತ ಸ್ಟೇಷನ್ ಮಾಸ್ತರರನ್ನು, ಅಭಿಮಾನದಿಂದ ಕರೆತಂದು ತೋರಿಸಿದೆ. ಎಂಜಿನು ಹೊರಟಿತು, ಸುತ್ತು ಹಾಕಿತು, ಮತ್ತೆ ಬಂದಿತು. ಅವರು ಮೂರು ಸುತ್ತು ನೋಡಿ, "ಬಹಳ ಅಂದವಾಗಿದೆ. ಆದರೆ ಈ ಗಾಡಿ ಎಲ್ಲಿಗೆ ಹೋಗುತ್ತಿದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಜಾತ್ರೆಯ ತಿರುಗುಣಿಯ ಮೇಲಣ ಕುದುರೆ ಎಲ್ಲಿಗೆ ಹೋಗುತ್ತದೆಯೋ ಅಲ್ಲಿಗೇ ನನ್ನ ರೈಲೂ ಹೋಗುತ್ತಿತ್ತು.

ಈ ಪ್ರಶ್ನೆಯನ್ನು ಕೇಳಿಕೊಂಡವರಲ್ಲಿ ನಾನು ಮೊದಲಿಗನಲ್ಲ. ಅಮೆರಿಕದ ಫ್ರಾಂಕ್ ಎಲಿಸನ್ ಎಂಬಾತ 1940ರ ದಶಕದಲ್ಲಿಯೇ ಕಿರುರೈಲುದಾರಿಯನ್ನು ನಾಟಕದ ರಂಗಕ್ಕೆ ಹೋಲಿಸಿದ್ದನು. ಅವನ ದೃಷ್ಟಿಯಲ್ಲಿ ರೈಲುಗಳೇ ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥಾವಸ್ತು. ಪಾತ್ರಧಾರಿಯು ರಂಗದ ಮೇಲೆ ಬರುವುದಕ್ಕೂ ಮರೆಯಾಗುವುದಕ್ಕೂ ಕಾರಣವಿರಬೇಕಷ್ಟೆ? ಹಾಗೆಯೇ ಪ್ರತಿಯೊಂದು ಗಾಡಿಗೂ ಹೊರಡುವ ಊರು, ಸೇರುವ ಊರು, ಹೊತ್ತು, ಹೊರೆ ಇರಬೇಕು. ಅಂದವಾಗಿ ಕಟ್ಟಿ ನೋಟಕ್ಕಿಡುವುದೂ ಒಂದು ದೊಡ್ಡ ಕಲೆಯೇ. ಪುಣೆಯಲ್ಲಿ ಭಾವೂ ಜೋಶಿಯವರು ಕಟ್ಟಿದ, 1998ರಲ್ಲಿ ತೆರೆದ ಕಿರುರೈಲು ಸಂಗ್ರಹಾಲಯವನ್ನು ನೋಡಿದವರು ಅದನ್ನು ಅಲ್ಲಗಳೆಯಲಾರರು. ಆದರೆ ರೈಲುಗಳನ್ನು 'ನಡೆಸುವುದು' ಬೇರೆಯೇ ವಿದ್ಯೆ. ಇದು ಆಟವೆಂದು ಹಗುರವಾಗಿ ಕಾಣಬೇಕಾಗಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೈಲ್ವೆ ಕಂಪನಿಯೊಂದು ತನ್ನ ನೌಕರರಿಗೆ ಸಿಗ್ನಲ್ಲಿನ ಕೆಲಸ ಕಲಿಸಲೆಂದೇ 1912ರಲ್ಲಿ ಕಟ್ಟಿಸಿದ ಮಾದರಿ ಹಾದಿಯೊಂದು ಈಗಲೂ ಯಾರ್ಕ್ ನಗರದ ರೈಲ್ವೆ ಸಂಗ್ರಹಾಲಯದಲ್ಲಿದೆ. ನಮ್ಮ ದೇಶದ ರೈಲ್ವೆ ತರಬೇತಿ ಶಾಲೆಗಳಲ್ಲಿಯೂ ಇಂತಹ ಮಾದರಿ ಕೋಣೆಗಳುಂಟು.

ನಡೆಸಲು ಹೊರಟವನಿಗೆ ಮೊದಲು ಎದುರಾಗುವ ತೊಡಕು ಕಾಲದ್ದು. ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿಲೋಮೀಟರು. ಇದನ್ನು 87ರಿಂದ ಭಾಗಿಸಿದರೂ 800 ಮೀಟರು ಉಳಿಯುತ್ತದೆ. ಇದನ್ನು ಹಿಡಿಸುವ ಮಾಳಿಗೆ ಯಾರಿಗಿದೆ? ಆದುದರಿಂದ ದೂರವನ್ನು ಪ್ರಮಾಣಕ್ಕಿಂತಲೂ ಹೆಚ್ಚಾಗಿ ಕುಗ್ಗಿಸಲೇಬೇಕು. ಎರಡು ನಿಲ್ದಾಣಗಳ ನಡುವೆ 6 ಕಿಲೋಮೀಟರು ಇದೆಯೆಂದು ಇಟ್ಟುಕೊಳ್ಳೋಣ. ಮಾದರಿಯಲ್ಲಿ ಅದು 69 ಮೀಟರಾಗಬೇಕು. ಕೋಣೆಯಲ್ಲಿ ದೊರೆಯುವುದು 6 ಮೀಟರು. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ನಿಜವಾದ ಹಾದಿಯನ್ನು 9 ನಿಮಿಷದಲ್ಲಿ ಕ್ರಮಿಸುತ್ತದೆ. ಅದೇ ವೇಗವು ಮಾದರಿಯಲ್ಲಿ ಸೆಕೆಂಡಿಗೆ ಸುಮಾರು 13 ಸೆಂಟಿಮೀಟರು. ನಮ್ಮ 6 ಮೀಟರನ್ನು ಗಾಡಿಯು 47 ಸೆಕೆಂಡಿನಲ್ಲಿ ಮುಗಿಸಿಬಿಡುತ್ತದೆ. 9 ನಿಮಿಷದ ಪ್ರಯಾಣವನ್ನು 47 ಸೆಕೆಂಡಿನಲ್ಲಿ ಮುಗಿಸಿದರೆ ವೇಳಾಪಟ್ಟಿಗೆ ಅರ್ಥವೇನು?

ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ಬಿರುಸುಗಡಿಯಾರ. ಇದರ ಮುಳ್ಳುಗಳು ಸಾಧಾರಣ ಗಡಿಯಾರಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗುತ್ತವೆ. ಮೇಲಿನ ಲೆಕ್ಕದಂತೆ ಹನ್ನೊಂದೂವರೆ ಪಟ್ಟು ವೇಗವಿಟ್ಟರೆ 47 ಸೆಕೆಂಡು ಮತ್ತೆ 9 ನಿಮಿಷವಾಗುತ್ತದೆ. ಆದರೆ ಇಲ್ಲೊಂದು ಸಿಕ್ಕುಂಟು. ನಿಲ್ದಾಣದಲ್ಲಿ ವ್ಯಾಗನ್ನುಗಳನ್ನು ಬಿಡಿಸಿ ಜೋಡಿಸುವ ಕೆಲಸವನ್ನು ಮನುಷ್ಯನ ಕೈ ಮಾಡುತ್ತದೆ. ಕೈಯನ್ನು 87ರಿಂದ ಭಾಗಿಸಲಾಗದು. ನಮ್ಮ 2 ನಿಮಿಷದ ಶಂಟಿಂಗ್ ಕೆಲಸ ಆ ಗಡಿಯಾರದಲ್ಲಿ 23 ನಿಮಿಷವಾಗಿ, ಗಾಡಿಗಳೆಲ್ಲ ತಡವಾಗುತ್ತವೆ. ಓಟಕ್ಕೊಂದು, ನಿಲುಗಡೆಗೊಂದು ಗಡಿಯಾರ ಇಡುವುದಕ್ಕಾಗುವುದಿಲ್ಲ. ಹೀಗಾಗಿ ನಾವು 6 ಪಟ್ಟಿಗೆ ರಾಜಿಯಾಗಿದ್ದೇವೆ. ಅದು ಎರಡು ಕಡೆಯೂ ತಪ್ಪು, ಆದರೆ ಎರಡು ಕಡೆಯೂ ಸಹಿಸಬಹುದಾದಷ್ಟು ತಪ್ಪು.

ಗುರುತ್ವವಂತೂ ನಮ್ಮ ಪ್ರಮಾಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲೋಲಕದ ಆವರ್ತಕಾಲ ಅದರ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆಂದು ನೀವು ಓದಿದ್ದೀರಿ. 87ರ ವರ್ಗಮೂಲ ಸುಮಾರು 9.3. ಆದುದರಿಂದ ಗುರುತ್ವದಿಂದ ನಡೆಯುವ ತೂಗಾಟವೆಲ್ಲವೂ ಮಾದರಿಯಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚು ಚುರುಕು. ಚಿಕ್ಕ ಡಬ್ಬಿ ಓಲಾಡಿದರೆ ಅದು ಗಾಡಿಯಂತೆ ತೂಗುವುದಿಲ್ಲ, ಹುಳುವಿನಂತೆ ನಡುಗುತ್ತದೆ. ಹಡಗಿನ ಮಾದರಿಗಳನ್ನು ನೀರಿನಲ್ಲಿ ಎಳೆದು ಪರೀಕ್ಷಿಸಿದ ವಿಲಿಯಂ ಫ್ರೂಡ್ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಸಿದ್ದೂ ಈ ವರ್ಗಮೂಲದ ನಿಯಮವನ್ನೇ. ನಿಲ್ಲುವುದರಲ್ಲಿಯೂ ಇದೇ ಕಥೆ. 60 ಕಿಲೋಮೀಟರ್ ವೇಗದ ಗಾಡಿಯ ವೇಗವು ಸೆಕೆಂಡಿಗೆ ಅರ್ಧ ಮೀಟರಿನಂತೆ ಕುಗ್ಗುತ್ತ ಬಂದರೆ ಅದು ನಿಲ್ಲಲು 278 ಮೀಟರು ಬೇಕು, ಮಾದರಿಯಲ್ಲಿ 3.2 ಮೀಟರು. ಆದರೆ ಪುಟ್ಟ ಎಂಜಿನಿನ ಮೋಟಾರು ತಿರುಪಿನ ಹಲ್ಲುಚಕ್ರದ ಮೂಲಕ ಗಾಲಿಗಳನ್ನು ತಿರುಗಿಸುವುದರಿಂದ, ಪ್ರವಾಹ ನಿಂತೊಡನೆ ಗಾಡಿಯು ಗೇಣುದ್ದವೂ ಜಾರದೆ ಕಚ್ಚಿಕೊಂಡು ನಿಲ್ಲುತ್ತದೆ. ಇಲ್ಲದ ಜಡತ್ವವನ್ನು ಇಂದಿನ ನಿಯಂತ್ರಕಗಳು ವಿದ್ಯುನ್ಮಾನದ ಮೂಲಕ ನಟಿಸಿ ತೋರಿಸುತ್ತವೆ. ಆಗ ಚಾಲಕನು ನಿಲ್ದಾಣ ಬರುವುದಕ್ಕೆ ಮೊದಲೇ ಬ್ರೇಕನ್ನು ಯೋಚಿಸತೊಡಗುತ್ತಾನೆ.

ವೇಳಾಪಟ್ಟಿಯನ್ನು ರಚಿಸುವುದು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗೂ ಸಾಧ್ಯ. ಚೌಕುಳಿ ಕಾಗದದ ಅಡ್ಡರೇಖೆಯ ಮೇಲೆ ಕಾಲ, ಲಂಬರೇಖೆಯ ಮೇಲೆ ದೂರ. ಪ್ರತಿಯೊಂದು ಗಾಡಿಯೂ ಒಂದು ಓರೆಗೆರೆ. ಓರೆ ಹೆಚ್ಚಿದಷ್ಟೂ ವೇಗ ಹೆಚ್ಚು. ನಿಲ್ದಾಣದಲ್ಲಿ ಗೆರೆ ಮಟ್ಟಸ. ಎದುರು ಬರುವ ಗಾಡಿಯ ಗೆರೆ ಕೆಳಮುಖ. ಒಂಟಿ ಕಂಬಿಯ ಹಾದಿಯಲ್ಲಿ ಎರಡು ಗೆರೆಗಳು ನಿಲ್ದಾಣದ ಎತ್ತರದಲ್ಲಿ ಮಾತ್ರ ಕೂಡಬಹುದು, ಬೇರೆಲ್ಲಿಯೂ ಕೂಡದು. ಪೂನಾ ಮೇಲ್ ಗಾಡಿಯ ಗೆರೆಯನ್ನು ಹತ್ತು ನಿಮಿಷ ಬಲಕ್ಕೆ ಸರಿಸಿ ನೋಡಿ. ಸೋಲದೇವನಹಳ್ಳಿಯಲ್ಲಿ ಕಾಯಬೇಕಾದ ಸರಕುಗಾಡಿ ಚಿಕ್ಕಬಾಣಾವರದವರೆಗೆ ಬರಬಹುದೆಂದು ಕಾಗದವೇ ಹೇಳುತ್ತದೆ. ಎಂಜಿನು ಕೊಳ್ಳಲು ಹಣವಿಲ್ಲದ ವಿದ್ಯಾರ್ಥಿಗಳು ಮನೆಯ ಎರಡು ಕೋಣೆಗಳಲ್ಲಿ ಇಬ್ಬರು ಕುಳಿತು, ಒಂದು ಗಂಟೆ, ಒಂದು ಗಡಿಯಾರ, ನಾಲ್ಕು ಬೆಂಕಿಪೆಟ್ಟಿಗೆಗಳಿಂದಲೇ ಇದನ್ನು ಆಡಬಹುದು. ನಾನು ಮೊದಲು ಆಡಿದ್ದೂ ಹಾಗೆಯೇ.

ಇನ್ನು ನಮ್ಮ ಅಪಘಾತದ ವಿಷಯ. ಭಾನುವಾರಗಳಂದು ನಾಲ್ಕೈದು ವಿದ್ಯಾರ್ಥಿಗಳು ಬಂದು ಗಾಡಿ ನಡೆಸುವರು. ಒಂಟಿ ಕಂಬಿಗೆ ನಾವು ಆಗ ಇಟ್ಟುಕೊಂಡಿದ್ದುದು ಒಂದು ಮರದ ತುಂಡು. ಅದು ಯಾವ ಚಾಲಕನ ಕೈಯಲ್ಲಿದೆಯೋ ಅವನಿಗೆ ಮಾತ್ರ ಹಾದಿ. ಅಂದು ನಾನು ಯಶವಂತಪುರದ ಮಾಸ್ತರ. ಮೇಲ್ ಗಾಡಿ ತಡವಾಗಿತ್ತು. ಚಿಕ್ಕಬಾಣಾವರದಲ್ಲಿ ಸರಕುಗಾಡಿ ನಿಂತಿರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. "ಬಿಡಲೇ?" ಎಂದು ಕೂಗಿದೆ. "ಬಿಡಿ" ಎಂದು ಅಲ್ಲಿನ ಹುಡುಗ ಕೂಗಿದ. ಅವನು ಹೇಳಿದ್ದು ನನಗಲ್ಲ; ವ್ಯಾಗನ್ನಿನ ಕೊಂಡಿ ಬಿಡಿಸಲೇ ಎಂದು ಪಕ್ಕದವನು ಕೇಳಿದ್ದಕ್ಕೆ. ಮರದ ತುಂಡು ಸರಕುಗಾಡಿಯ ಚಾಲಕನ ಕೈಯಲ್ಲಿತ್ತು. ಅವನು ನ್ಯಾಯವಾಗಿ ಹೊರಟ, ನಾನು ಅನ್ಯಾಯವಾಗಿ ಹೊರಡಿಸಿದೆ. ಹಳೆಯ ವಿಧಾನದಲ್ಲಾದರೆ ಒಂದೇ ಕಂಬಿಯ ಮೇಲಿನ ಎರಡು ಎಂಜಿನುಗಳು ಪ್ರವಾಹದ ದಿಕ್ಕಿಗನುಸಾರವಾಗಿ ಒಂದೇ ಕಡೆಗೆ ಓಡುತ್ತಿದ್ದುವು, ಮುಖಾಮುಖಿ ಬರುವ ಸಂಭವವೇ ಇರಲಿಲ್ಲ. ಆದರೆ ನಮ್ಮದು ಪ್ರತಿ ಎಂಜಿನಿಗೂ ಬೇರೆಬೇರೆ ಆಜ್ಞೆ ಕಳುಹಿಸುವ ಈಚಿನ ಅಂಕೀಯ ವಿಧಾನ. ನಿಜವಾದ ರೈಲಿನ ಸ್ವಾತಂತ್ರ್ಯದೊಡನೆ ಅದರ ಅಪಾಯವೂ ಬಂದಿತ್ತು. ತಿರುವಿನಲ್ಲಿ ಎರಡೂ ಕೂಡಿದುವು. ಎರಡು ವರ್ಷ ಕೂತು ಕಟ್ಟಿದ ವೈಪಿ ಎಂಜಿನು ಹಲಗೆಯಿಂದ ನೆಲಕ್ಕೆ ಬಿದ್ದು ಮುರಿಯಿತು.

ಹಿರಿಯರು ಮೂಲೆಯ ಕುರ್ಚಿಯಲ್ಲಿದ್ದರು. ಯಾರ ತಪ್ಪೆಂದು ಕೇಳಲಿಲ್ಲ. "ತುಂಡು ಎಲ್ಲಿತ್ತು?" ಎಂದರು. ಹೇಳಿದೆ. "ನೀವೇತಕ್ಕೆ ಅದನ್ನು ಕೇಳಲಿಲ್ಲ? ಎಲ್ಲವೂ ಕಣ್ಣಿಗೆ ಕಾಣುತ್ತಿತ್ತಲ್ಲ, ಅದಕ್ಕೆ" ಎಂದು ತಾವೇ ಉತ್ತರಿಸಿದರು.

ಇಂತಹ ಅವಸರಕ್ಕೆ ದೊಡ್ಡ ರೈಲ್ವೆ ತೆತ್ತ ಬೆಲೆ ಬೇರೆ. 1874ರ ಸೆಪ್ಟೆಂಬರ್ 10ರ ರಾತ್ರಿ ಇಂಗ್ಲೆಂಡಿನ ನಾರಿಚ್ ನಗರದ ಹತ್ತಿರ, ಎದುರಿನ ಗಾಡಿಯನ್ನು ಬರಗೊಡಬಹುದೆಂಬ ತಂತಿ ಸಂದೇಶವು ಅಧಿಕಾರಿಯ ಸಹಿ ಬೀಳುವ ಮೊದಲೇ ಹೊರಟುಹೋಯಿತು. ಇತ್ತಲಿಂದ ಎಕ್ಸ್‌ಪ್ರೆಸ್ ಗಾಡಿಯೂ ಹೊರಟಿತು. ಒಂಟಿ ಕಂಬಿಯ ಮೇಲೆ 25 ಮಂದಿ ಸತ್ತರು. ಈ ದುರಂತದ ತರುವಾಯ ಎಡ್ವರ್ಡ್ ಟೈಯರ್ ಎಂಬುವನು 1878ರಲ್ಲಿ ಒಂದು ಸಾಧನವನ್ನು ರೂಪಿಸಿದ. ಒಂದೇ ಮರದ ತುಂಡಿನ ತೊಂದರೆಯೆಂದರೆ, ಎರಡು ಗಾಡಿಗಳು ಒಂದರ ಹಿಂದೊಂದು ಒಂದೇ ಕಡೆಗೆ ಹೋಗಬೇಕಾದರೆ ತುಂಡು ಆಚೆಯ ದಡದಲ್ಲಿಯೇ ಉಳಿದುಬಿಡುತ್ತದೆ. ಟೈಯರನ ಯುಕ್ತಿಯಲ್ಲಿ ಬಿಲ್ಲೆಗಳು ಅನೇಕ. ಆದರೆ ಎರಡು ನಿಲ್ದಾಣಗಳ ಪೆಟ್ಟಿಗೆಗಳು ತಂತಿಯಿಂದ ಬೆಸೆದುಕೊಂಡಿರುವುದರಿಂದ ಒಂದು ಬಿಲ್ಲೆ ಹೊರಗಿರುವವರೆಗೆ ಇನ್ನೊಂದು ಹೊರಬರಲಾರದು. ನಮ್ಮ ದೇಶದ ಒಂಟಿ ಹಾದಿಗಳಲ್ಲಿ ಬಹುಕಾಲ ನಡೆದ ನೀಲ್ಸ್ ಯಂತ್ರವು ಬಿಲ್ಲೆಯ ಬದಲು ಲೋಹದ ಗುಂಡನ್ನು ಕೊಡುತ್ತಿತ್ತು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಆ ಗುಂಡನ್ನಿಟ್ಟು, ಓಡುವ ಎಂಜಿನಿನ ಕಡೆಗೆ ಚಾಚುತ್ತಿದ್ದ ನೌಕರರನ್ನು ನಿಮ್ಮ ತಂದೆತಾಯಿಯರು ಕಂಡಿರಬಹುದು. ತುಮಕೂರಿನ ಹಾದಿ ಈಗ ಅಗಲವಾಗಿ, ಜೋಡಿಯಾಗಿ, ವಿದ್ಯುತ್ತಿನದಾಗಿದೆ. ಗುಂಡಿಗೆ ಅಲ್ಲಿ ಕೆಲಸವಿಲ್ಲ.

ನಾವು ಮಾಡಿದ್ದು ಎರಡು ಕೆಲಸ. ಒಂದು, ಎರಡು ಪೆಟ್ಟಿಗೆಗಳಲ್ಲಿ ಸೈಕಲ್ಲಿನ ಗುಂಡುಗಳನ್ನಿಟ್ಟು, ಅವನ್ನು ಒಂದೇ ಮಂಡಲದಲ್ಲಿ ಸರಣಿಯಾಗಿ ಜೋಡಿಸಿದೆವು. ಯಾವ ಕಡೆ ಒಂದು ಗುಂಡು ಹೊರಬಂದರೂ ಮಂಡಲ ಕಡಿದು, ರಿಲೇ ಬಿಡುಗಡೆಯಾಗಿ, ಎರಡೂ ಪೆಟ್ಟಿಗೆಗಳ ಬಾಗಿಲಿಗೆ ಅಗುಳಿ ಬೀಳುತ್ತದೆ. ಆ ಗುಂಡನ್ನು ಚಾಲಕನು ಸಿಗ್ನಲ್ಲಿನ ಬಳಿಯ ಗುಳಿಯಲ್ಲಿಟ್ಟ ಹೊರತು ಮುಂದಿನ ಮೂರು ಗೇಣು ಕಂಬಿಗೆ ಪ್ರವಾಹವೇ ಹರಿಯದು. ಇದನ್ನು ಜೋಡಿಸಲು ವಿದ್ಯಾರ್ಥಿಗಳಿಗೆ ಮೂರು ಭಾನುವಾರ ಹಿಡಿಯಿತು. ಪಠ್ಯದಲ್ಲಿ ಒಲ್ಲದ ರಿಲೇ ಇಲ್ಲಿ ಅವರಿಗೆ ನೆಂಟನಾಯಿತು. ಅಮೆರಿಕದ ಎಂಐಟಿಯಲ್ಲಿ 1946ರ ಸುಮಾರಿಗೆ ಹುಟ್ಟಿದ ಕಿರುರೈಲು ಸಂಘದ ಹುಡುಗರು ಟೆಲಿಫೋನಿನ ರಿಲೇಗಳಿಂದ ಇಂತಹ ಜಾಲವನ್ನು ಹೆಣೆಯುತ್ತ ಹೆಣೆಯುತ್ತ ಕಂಪ್ಯೂಟರಿನ ಕಡೆಗೆ ಹೊರಳಿದರೆಂಬುದು ನನಗೆ ಆಗ ಚೆನ್ನಾಗಿ ಅರ್ಥವಾಯಿತು. ಹ್ಯಾಕರ್ ಎಂಬ ಮಾತು ಬೆಳೆದದ್ದೂ ಆ ಬಳಗದಲ್ಲಿಯೇ.

ಎರಡನೆಯದು ಇನ್ನೂ ಅಗ್ಗ: ನಿಲ್ದಾಣ ನಿಲ್ದಾಣದ ನಡುವೆ ಹಳೆಯ ಸೀರೆಯ ಪರದೆಗಳು. ಈಗ ಯಶವಂತಪುರದ ಮಾಸ್ತರನಿಗೆ ಚಿಕ್ಕಬಾಣಾವರ ಕಾಣುವುದಿಲ್ಲ. ಅವನ ಪಾಲಿಗೆ ಪ್ರಪಂಚವೆಂದರೆ ಒಂದು ಗಂಟೆ, ಒಂದು ಗುಂಡಿನ ಪೆಟ್ಟಿಗೆ, ಒಂದು ದಾಖಲೆ ಪುಸ್ತಕ. ಎಷ್ಟು ಪೆಟ್ಟಿಗೆ ಏನರ್ಥವೆಂಬುದು ಗೋಡೆಯ ಪಟ್ಟಿಯಲ್ಲಿದೆ. ಕೇಳಿದವನು ಅಷ್ಟೇ ಪೆಟ್ಟುಗಳನ್ನು ಮರಳಿ ಹೊಡೆಯಬೇಕು. ಕೂಗುವುದು ನಿಷಿದ್ಧ, "ಬಿಡಿ" ಎಂಬ ಮಾತಂತೂ ಕೋಣೆಯಿಂದಲೇ ಬಹಿಷ್ಕೃತ.

ಸರಕಿಗೂ ಈಗ ಗೊತ್ತುಗುರಿ ಬಂದಿದೆ. ಪ್ರತಿ ವ್ಯಾಗನ್ನಿಗೂ ಒಂದು ಚೀಟಿ: ತಿಪಟೂರಿನ ಕೊಬ್ಬರಿ ಬೆಂಗಳೂರಿಗೆ, ಖಾಲಿ ವ್ಯಾಗನ್ ತುಮಕೂರಿಗೆ. ಬೆಂಗಳೂರಿನಲ್ಲಿ ಆ ಕಾಲಕ್ಕೆ ಮದರಾಸಿನ ಕಡೆಯ ಅಗಲ ಹಾದಿಯೂ ಇತ್ತ ಕಡೆಯ ಮೀಟರ್ ಹಾದಿಯೂ ಕೂಡುತ್ತಿದ್ದುವು. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡಲಾರದಾದುದರಿಂದ ಮೂಟೆಗಳನ್ನೆಲ್ಲ ಇಳಿಸಿ ಏರಿಸಬೇಕಾಗುತ್ತಿತ್ತು. ನಾವು ಅದಕ್ಕಾಗಿ ಪ್ರತಿ ವ್ಯಾಗನ್ನನ್ನೂ ಬಿರುಸುಗಡಿಯಾರದ ಎರಡು ಗಂಟೆ ಕಾಲ ಕಪಾಟಿನ ಹಿಂದೆ ತಡೆಹಿಡಿಯುತ್ತೇವೆ. ಈ ನಿಯಮಕ್ಕೆ ವಿದ್ಯಾರ್ಥಿಗಳ ವಿರೋಧ ಇನ್ನೂ ನಿಂತಿಲ್ಲ.

ಪರದೆ ಕಟ್ಟಿದ ಮೊದಲ ಭಾನುವಾರ ಹಿರಿಯರನ್ನು ಚಿಕ್ಕಬಾಣಾವರದ ಮಾಸ್ತರರಾಗಿ ಕೂರಿಸಿದೆವು. ರಿಪೇರಿಯಾದ ವೈಪಿ ಮೇಲ್ ಗಾಡಿಗೆ ಕಟ್ಟಿತ್ತು. ಯಶವಂತಪುರದ ಹುಡುಗ ಗಂಟೆ ಹೊಡೆದ. ಪರದೆಯ ಆಚೆಯಿಂದ ಉತ್ತರ ಬರಲಿಲ್ಲ. ಹುಡುಗ ನನ್ನ ಮುಖ ನೋಡಿದ. ನಾನು ಸೂರು ನೋಡಿದೆ. ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆದುವು. ಮೇಲ್ ಗಾಡಿ ಸಿಗ್ನಲ್ಲಿನ ಮುಂದೆ ನಿಂತೇ ಇತ್ತು. ಯಾರೂ ಪರದೆಯನ್ನು ಸರಿಸಲಿಲ್ಲ. ಆಮೇಲೆ ಗಂಟೆ ಬಾರಿಸಿತು, ಎಣಿಸಿದಷ್ಟೇ ಪೆಟ್ಟುಗಳು, ಒಂದೊಂದೂ ಬಿಡಿಬಿಡಿಯಾಗಿ. ಪೆಟ್ಟಿಗೆಯಿಂದ ಗುಂಡು ಉರುಳಿ ಹುಡುಗನ ಕೈಗೆ ಬಿದ್ದಿತು. ತಡವೇಕಾಯಿತೆಂದು ಸಂಜೆ ಕಾಫಿಯ ಹೊತ್ತಿನಲ್ಲಿ ಅವರನ್ನು ಕೇಳಿದಾಗ, ಸರಕುಗಾಡಿಯ ಕೊನೆಯ ವ್ಯಾಗನ್ ಇನ್ನೂ ಪಕ್ಕದ ಕಂಬಿಗೆ ಪೂರ್ತಿ ಸರಿದಿರಲಿಲ್ಲವೆಂದು ದಾಖಲೆ ಪುಸ್ತಕವನ್ನು ತೆರೆದು ತೋರಿಸಿದರು. ಹೊತ್ತು, ಕಾರಣ, ಸಹಿ, ಮೂರೂ ಅದರಲ್ಲಿದ್ದುವು.